ಹಾರನ್ ಕೇಳಿಸದ ಬಸ್ಸು

ಗೆಳೆಯರೇ, ಆರು ತಿಂಗಳಿಂದ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ಸರ್ಕಾರಿ ರೇಡಿಯೋದ ವಾಟ್ಸಾಪ್ ಚಾನೆಲ್‌ನಲ್ಲಿ ದಿನಾ ನಮ್ಮೂರ ಮೇಲೆ ಕೃಷ್ಣಗಿರಿಗೆ ಹೋಗುವ ಅಂಚೆಟ್ಟಿ ಬಸ್ಸಿನ ಸುದ್ದಿ ಹೇಳುವ ದನಿ ನನ್ನದೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಯಾರು ನಂಬುತ್ತಾರೆ ಎಂದು ಹೆಸರು ಹೇಳಿರಲಿಲ್ಲ.

ಘಾಟಿ ತಿರುವಿನಲ್ಲಿ ಹಾರನ್ ಕೇಳಿದರೆ ಬಸ್ಸು ಬಂತೆಂದು ನನ್ನ ಲೆಕ್ಕ. ಇಂದು ಕೇಳಲಿಲ್ಲ. ‘ಬೆಳಗಿನ ಬಸ್ಸಿಲ್ಲ’ ಎಂದು ಸಂದೇಶ ಕಳಿಸಿದೆ, ರೇಡಿಯೋದವರು ಚಾನೆಲ್‌ನಲ್ಲಿ ಹಾಕಿದರು. ಹತ್ತು ನಿಮಿಷಕ್ಕೆ ಬಸ್ಸು ಬಂದು ಖಾಲಿಯಾಗಿಯೇ ಹೋಯಿತು. ದಾರಿಯಲ್ಲಿ ಆನೆಗಳಿದ್ದವಂತೆ. ಆನೆ ಕಂಡರೆ ಡ್ರೈವರ್ ಹಾರನ್ ಮುಟ್ಟುವುದಿಲ್ಲ.

ಪಕ್ಕದ ಮನೆಯ ಮುನಿಯಮ್ಮಕ್ಕ ಮಾಗಿದ ಮಾವಿನ ಬುಟ್ಟಿ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು.

“ಕೃಷ್ಣಗಿರಿಗೆ ಹೋಗ್ಬೇಕಿತ್ತು. ಇನ್ನು ಬಸ್ಸಿರೋದು ನಾಳೇನೇ, ಅಷ್ಟ್ರಲ್ಲಿ ಅರ್ಧ ಕೊಳೀತವೆ. ಬಸ್ಸಿಲ್ಲ ಅಂದೋನು ಯಾವನ್ಲಾ?”

“ನಾನೇ, ಅಕ್ಕ.”

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಾರೋ ಮೇಷ್ಟ್ರು ಅನ್ಕೊಂಡು ದಿನಾ ನಂಬ್ಬುಟ್ಟೆ ಕಣ್ಲಾ.”

ದಾರಿಯಲ್ಲಿ ಆನೆಗಳಿದ್ದವು, ತಪ್ಪು ನನ್ನದು ಎಂದು ಹೆಸರು, ನಂಬರ್ ಹೇಳಿ ಇನ್ನೊಂದು ಸಂದೇಶ ಕಳಿಸಿದೆ. ರೇಡಿಯೋದವರು ಅದನ್ನೂ ಹಾಕಿದರು. ಈಗ ಸುತ್ತಲ ಊರಿನವರೆಲ್ಲ ನನಗೇ ಫೋನ್ ಮಾಡಿ, ಆನೆ ಎಲ್ಲಿದೆ ಎಂದು ಕೇಳುತ್ತಿದ್ದಾರೆ.

ನಾಳೆ ಬೆಳಿಗ್ಗೆ ಅಕ್ಕನ ಬುಟ್ಟಿ ಹೊತ್ತು ಅದೇ ಬಸ್ಸಿನಲ್ಲಿ ಕೃಷ್ಣಗಿರಿಗೆ ಹೊರಡುತ್ತಿದ್ದೇನೆ.