ಹನುಮಂತರಾಯಪ್ಪ ತೂಗಿದ ನಾಯಿಮರಿ

ಜಿಗಣಿಯಿಂದ ಆನೇಕಲ್ಲಿಗೆ ಹೋಗುವ ರಸ್ತೆಯ ಎಡಕ್ಕೆ ಹನುಮಂತರಾಯಪ್ಪನ ವೇಬ್ರಿಡ್ಜ್ ಇದೆ. ಲಾರಿ ತೂಗುವ ಜಾಗ. ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಕಬ್ಬಿಣದ ಹಲಗೆ, ಪಕ್ಕದಲ್ಲಿ ಶೀಟು ಹೊದಿಸಿದ ಒಂದು ರೂಮು, ರೂಮಿನೊಳಗೆ ಕೆಂಪು ಅಂಕಿ ತೋರಿಸುವ ಪೆಟ್ಟಿಗೆ, ಅದರ ಮುಂದೆ ಹನುಮಂತರಾಯಪ್ಪ. ಕಲ್ಲು ಪುಡಿ ಮಾಡುವ ಕ್ರಷರಿನಿಂದ ಎಂ-ಸ್ಯಾಂಡ್ ಮರಳು ತುಂಬಿಕೊಂಡು ಹೊರಡುವ ಟಿಪ್ಪರುಗಳೆಲ್ಲ ಆತನ ಹಲಗೆ ಹತ್ತಿ ಇಳಿಯಲೇಬೇಕು. ಅಂಥ ಒಂದು ಟಿಪ್ಪರು ಓಡಿಸುವವನು ನಾನು.

ಆ ಜಾಗದಲ್ಲಿ ಮೊದಲು ಆತನ ರಾಗಿ ಹೊಲ ಇತ್ತಂತೆ. ಹೆಚ್ಚು ಕಡಿಮೆ ಎಲ್ಲವೂ ಫ್ಯಾಕ್ಟರಿಗಳಿಗೆ ಹೋಯಿತು. ಉಳಿದ ಪಟ್ಟಿಯಲ್ಲಿ ಗೋಡೌನ್ ಕಟ್ಟಿ ಬಾಡಿಗೆಗೆ ಬಿಡು ಎಂದು ಎಲ್ಲರೂ ಹೇಳಿದರು. ಆತ ಕೇಳಲಿಲ್ಲ. ಬಾಡಿಗೆ ತಿಂದು ಮಲಗುವುದಕ್ಕಿಂತ ಏನಾದರೂ ತೂಗಿಕೊಂಡಿರುತ್ತೇನೆ ಎಂದು ವೇಬ್ರಿಡ್ಜ್ ಹಾಕಿಸಿದ. ಆಗೆಲ್ಲ ಬೆಳಿಗ್ಗೆಯಿಂದ ಕತ್ತಲಾಗುವವರೆಗೂ ಆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಊಟವೂ ಅಲ್ಲಿಗೇ ಬರಬೇಕಿತ್ತು, ಹೆಂಡತಿ ಮಾರಕ್ಕ ತಂದು ಕೊಡಬೇಕಿತ್ತು.

ತೂಕದ ವಿಷಯದಲ್ಲಿ ಆತ ಭಾರಿ ಖಡಕ್ಕು. ಡ್ರೈವರು, ಕ್ಲೀನರು ಇಳಿದ ಮೇಲೆಯೇ ತೂಕ.

"ಇಳೀಲಾ ಕೆಳೀಕೆ. ನಿನ್ ಹೊಟ್ಟೇನೂ ಪಾರ್ಟಿ ತಲೆಗೆ ಕಟ್ತೀಯಾ?" ಎನ್ನುತ್ತಾನೆ.

ಮರಳಿಗೆ ನೀರು ಹೊಡೆದು ತಂದರೆ ತೂಕ ಏರುತ್ತದೆ, ಕೊಂಡವನು ನೀರಿಗೂ ಮರಳಿನ ದುಡ್ಡು ಕೊಡುತ್ತಾನೆ. ಬೇರೆ ಕಡೆ ಇದನ್ನು ಕಂಡೂ ಕಾಣದಂತೆ ತೂಗುತ್ತಾರೆ. ಹನುಮಂತರಾಯಪ್ಪ ಮಾತ್ರ ಗಾಡಿ ಹಿಂದೆ ಹೋಗಿ ಡಾಲೆಯ, ಅಂದರೆ ಹಿಂಬಾಗಿಲಿನ, ಕೆಳಗೆ ಕೈ ಹಿಡಿಯುತ್ತಾನೆ. ಹನಿ ಬಿದ್ದರೆ, ಸೋರಿ ಮುಗಿಯುವವರೆಗೂ ಗಾಡಿ ಪಕ್ಕಕ್ಕೆ. ಈ ವಿಷಯಕ್ಕೆ ನಾನೂ ಆತನೂ ಕೊರಳಪಟ್ಟಿ ಹಿಡಿಯುವಷ್ಟು ಜಗಳ ಆಡಿದ್ದೇವೆ. ಗಾಡಿ ಮಾತ್ರ ಪಕ್ಕದಲ್ಲೇ ನಿಂತಿತು.

ರೂಮಿನ ಮೆಟ್ಟಿಲ ಕೆಳಗೆ ಒಂದು ಕಂದು ಬಣ್ಣದ ಹೆಣ್ಣುನಾಯಿ ಇತ್ತು. ಯಾರೂ ಸಾಕಿದ್ದಲ್ಲ. ಕಾಂಪೌಂಡ್ ಮೂಲೆಯಲ್ಲಿ ಮರಿ ಹಾಕಿತ್ತು. ಆಷಾಢದ ಒಂದು ಮಧ್ಯಾಹ್ನ, ಮಳೆ ನಿಂತು ಬಿಸಿಲು ಬಂದಿತ್ತು. ಕಬ್ಬಿಣದ ಹಲಗೆ ಬೆಚ್ಚಗಿದೆ ಎಂದು ನಾಯಿ ಅದರ ಮೇಲೆ ಮಲಗಿತ್ತು. ಅಂದು ಹನುಮಂತರಾಯಪ್ಪನೇ ಹೊರಗೆ ನಿಂತು ಕೈ ಬೀಸುತ್ತಾ, "ಬರ್ಲಿ, ಬರ್ಲಿ, ಬರ್ಲಿ" ಎಂದು ಒಂದು ಲಾರಿಯನ್ನು ರಿವರ್ಸ್ ತೆಗೆಸುತ್ತಿದ್ದ. ಕಣ್ಣು ಗಾಡಿಯ ಅಂಚಿನ ಮೇಲಿತ್ತು, ನಾಯಿಯ ಮೇಲಿರಲಿಲ್ಲ. ನಾಯಿ ಕೂಗಿತು ಎನ್ನುವಷ್ಟರಲ್ಲಿ ಮುಗಿದಿತ್ತು.

ಆತ ಯಾರನ್ನೂ ಬೈಯಲಿಲ್ಲ. ತಾನೇ ಬಕೆಟ್ಟಿನಲ್ಲಿ ನೀರು ತಂದು ಹಲಗೆ ತೊಳೆದ. ಆ ದಿನ ಮತ್ತೆ ಯಾವ ಗಾಡಿಯನ್ನೂ ತೂಗಲಿಲ್ಲ.

ಗಟ್ಟಿಮುಟ್ಟಾದ ಮರಿಗಳನ್ನು ಅವರಿವರು ಎತ್ತಿಕೊಂಡು ಹೋದರು. ಕೊನೆಗೆ ಒಂದು ಉಳಿಯಿತು. ಇಲಿಮರಿಗಿಂತ ಸ್ವಲ್ಪ ದೊಡ್ಡದು ಅನ್ನಬಹುದು. ಅದನ್ನು ಯಾರು ಕೇಳುತ್ತಾರೆ? ಹನುಮಂತರಾಯಪ್ಪ ಒಂದು ರಟ್ಟಿನ ಡಬ್ಬದಲ್ಲಿ ಗೋಣಿಚೀಲ ಹಾಸಿ, ಮರಿಯನ್ನು ಅದರಲ್ಲಿಟ್ಟು ಟೇಬಲ್ ಕೆಳಗೆ ತಳ್ಳಿದ.

"ಇದೊಂದು ಬದುಕ್ಬೇಕು ಕಣ್ಲಾ ಲೋಕೇಶ," ಎಂದ ನನಗೆ. ಆಮೇಲೆ ಬೇರೆ ಕಡೆ ನೋಡಿಕೊಂಡು, "ಕೈ ಬೀಸಿದ್ದು ನಾನೇ," ಎಂದ.

ಆದರೆ ಮರಿ ಬದುಕುವ ಲಕ್ಷಣ ಕಾಣಲಿಲ್ಲ. ಅದು ಏನನ್ನೂ ತಿನ್ನುತ್ತಿರಲಿಲ್ಲ. ಮಾರಕ್ಕ ಇನ್ನೂ ಹಸು ಕಟ್ಟುತ್ತಾಳೆ. ಆ ಗಟ್ಟಿ ಹಾಲನ್ನು ಬಟ್ಟಲಲ್ಲಿಟ್ಟರೆ ಮರಿ ಮುಖ ತಿರುಗಿಸಿತು. ಸಾರಿನಲ್ಲಿ ಅದ್ದಿದ ಮುದ್ದೆ ಇಟ್ಟರು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ನಮಗೆ ಹುಟ್ಟಾ ಗೊತ್ತು, ಅದಕ್ಕೆ ಯಾರು ಹೇಳಿಕೊಟ್ಟಿದ್ದರು? ಗಂಟಲಿಗೆ ಅಂಟಿಕೊಂಡು ಒದ್ದಾಡಿತು. ಕೊನೆಗೆ ಹನುಮಂತರಾಯಪ್ಪ ಮೆಡಿಕಲ್ ಸ್ಟೋರಿನಿಂದ ಸಿರಿಂಜ್ ತಂದು ಬಾಯಿಗೆ ಹಾಲು ಬಿಡತೊಡಗಿದ. ಒಳಗೆ ಹೋದ ಅರ್ಧ ಹಿಂದಿನಿಂದ ನೀರಾಗಿ ಬರುತ್ತಿತ್ತು.

ಇಷ್ಟೆಲ್ಲದರ ನಡುವೆ ಆತ ಮರಿಯನ್ನು ದಿನಾ ತೂಗುತ್ತಿದ್ದ. ಆತನ ಹಲಗೆಗೆ ಅಷ್ಟು ಸಣ್ಣದು ಗೊತ್ತಾಗುವುದಿಲ್ಲ. ಮರಿ ಇಟ್ಟರೂ ಸೊನ್ನೆ, ತೆಗೆದರೂ ಸೊನ್ನೆ. ಅದಕ್ಕೆ ಪಕ್ಕದ ಗುಜರಿ ಅಂಗಡಿಯ ತಕ್ಕಡಿಗೆ ಹೋಗುತ್ತಿದ್ದ. ತಾಮ್ರದ ವೈರು ತೂಗುವ ತಟ್ಟೆಯ ಮೇಲೆ ಮರಿ ನಡುಗಿಕೊಂಡು ಕೂರುತ್ತಿತ್ತು. ವಾಪಸ್ಸು ಬಂದು ಎಲ್ಲ ಡ್ರೈವರುಗಳಿಗೂ, "ಏರೈತೆ, ನೆನ್ನೆಗಿಂತ ಏರೈತೆ," ಎಂದು ಸಾರುತ್ತಿದ್ದ.

ಒಂದು ದಿನ ಡಬ್ಬದೊಳಗೆ ಬಗ್ಗಿ ನೋಡಿದೆ.

"ಏನಣ್ಣ ಇದು? ಬೆನ್ನು ನೋಡಿದ್ರೆ ಬಾಚಣಿಗೆ, ಹೊಟ್ಟೆ ನೋಡಿದ್ರೆ ತಮಟೆ."

"ತೂಕ ಏರೈತೆ ಕಣ್ಲಾ. ನಿಂಗೇನು ಗೊತ್ತು?"

"ಏರ್ದೆ ಏನು! ನನ್ ಗಾಡಿ ನೀರು ಕುಡಿದೈತೆ ಅಂತ ಬಿಸಿಲಾಗೆ ನಿಲ್ಲಿಸ್ತೀಯಲ್ಲ, ಇದರ ಹೊಟ್ಟೆ ಏನು ಕುಡಿದೈತೆ ಅಂತ ನೋಡಿದ್ಯಾ? ಕಾಲಾಗೆ ಮಾಂಸ ಇಲ್ಲ, ಕುತ್ತಿಗೇಲಿ ಇಲ್ಲ. ತೂಕ ಎಲ್ಲಿಂದ ಬಂತು?"

ಆತನ ಮುಖ ಕೆಂಪಗಾಯಿತು. "ತಗೀಲಾ ಗಾಡಿ," ಎಂದು ಕೂಗಿದ. ನಾನೂ ಕೂಗಿದೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆದರು. ತೂಕದ ಸ್ಲಿಪ್ಪನ್ನು ಕಿಟಕಿಯಿಂದ ನನ್ನ ಮುಖಕ್ಕೆ ಎಸೆದ.

ಮರುದಿನ ನೋಡಿದರೆ ರೂಮಿಗೆ ಬೀಗ. ಹನುಮಂತರಾಯಪ್ಪ ರಸ್ತೆಯಲ್ಲಿ ಡಬ್ಬ ಹಿಡಿದು ನಿಂತಿದ್ದಾನೆ.

"ಆನೇಕಲ್ ಕಡೆ ಹೋಗ್ತೀಯಾ?"

"ಹತ್ತು," ಎಂದೆ.

ಆನೇಕಲ್ಲಿನ ದನದ ಆಸ್ಪತ್ರೆಯಲ್ಲಿ ದೀಪಶ್ರೀ ಎಂಬ ಡಾಕ್ಟರಮ್ಮ ಇದ್ದರು. ಮರಿಯನ್ನು ಎತ್ತಿ ಮೊದಲು ಅಂಗೈಯಲ್ಲೇ ಹಿಡಿದುಕೊಂಡರು.

"ಏನು ಕೊಡ್ತಿದೀರಾ?"

"ಹಾಲು ಮೇಡಂ. ನಮ್ಮನೇದೇ. ಒಂದು ತೊಟ್ಟು ನೀರು ಬೆರೆಸಿಲ್ಲ."

"ಹಸುವಿನ ಹಾಲು ಇದಕ್ಕೆ ಆಗ್ಬರ್ತಿಲ್ಲ. ಭೇದಿ ಆಗ್ತಿದೆಯಲ್ವಾ? ಎಲ್ಲಿ ಮಲಗಿಸ್ತೀರಾ?"

"ಆಫೀಸಾಗೆ, ಟೇಬಲ್ ಕೆಳಗೆ. ಸಿಮೆಂಟ್ ನೆಲ."

"ಮೈಯೆಲ್ಲ ತಣ್ಣಗಿದೆ ನೋಡಿ. ತಣ್ಣಗಿರೋ ಮರಿಗೆ ಹಸಿವಾಗಲ್ಲ. ಬಲವಂತವಾಗಿ ಸುರಿದ್ರೆ ಜೀರ್ಣಾನೂ ಆಗಲ್ಲ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಊಟ."

"ಆದ್ರೆ ತೂಕ ಏರ್ತಾ ಐತೆ ಮೇಡಂ," ಎಂದು ಹನುಮಂತರಾಯಪ್ಪ ಗ್ರಾಂ ಸಮೇತ ಹೇಳಿದ. ಡಾಕ್ಟರಮ್ಮ ತಮ್ಮ ತಕ್ಕಡಿಯಲ್ಲಿಟ್ಟು ನೋಡಿದರು. ಆತ ಹೇಳಿದಷ್ಟೇ ಇತ್ತು.

"ಲೆಕ್ಕ ಸರಿ ಇದೆ. ಆದರೆ ಅದು ಮರಿ ಬೆಳೆದ ತೂಕ ಅಲ್ಲ. ಹೊಟ್ಟೆ ತುಂಬ ಹುಳ, ಗಾಳಿ. ಹುಳಕ್ಕೆ ಔಷಧಿ ಕೊಡ್ತೀನಿ. ಬಿದ್ದು ಹೋಗ್ತಾ ತೂಕ ಇಳಿಯುತ್ತೆ, ಗಾಬರಿ ಆಗ್ಬೇಡಿ. ಮೊಟ್ಟೆ ಬೇಯಿಸಿ ನುಣ್ಣಗೆ ಹಿಸುಕಿ, ಕೋಳಿ ಬೇಯಿಸಿದ ನೀರಲ್ಲಿ ಕಲಸಿ, ಚೂರು ಚೂರು ಕೊಡಿ. ಉಪ್ಪು, ಖಾರ, ಈರುಳ್ಳಿ ಏನೂ ಬೇಡ."

ಹನುಮಂತರಾಯಪ್ಪ ತಲೆ ಕೆರೆದುಕೊಂಡ. "ಮೇಡಂ, ಶ್ರಾವಣ."

"ನಾಯಿಗೂನಾ?" ಎಂದರು ಡಾಕ್ಟರಮ್ಮ.

ನಗುವ ಮಾತೇ. ಆದರೆ ಆ ಮನೆಯ ಶ್ರಾವಣ ಗೊತ್ತಿದ್ದವರು ನಗುವುದಿಲ್ಲ. ಅಮಾವಾಸ್ಯೆ ಕಳೆದರೆ ಮಾರಕ್ಕ ಒಲೆ ಸಾರಿಸಿ, ಬಾಡು ಬೇಯಿಸುವ ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಹಾಕುತ್ತಾಳೆ. ತಿಂಗಳು ಮುಗಿಯುವವರೆಗೂ ಮೊಟ್ಟೆಯ ಹೆಸರೂ ಎತ್ತುವ ಹಾಗಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ.

ವಾಪಸ್ಸು ಬರುವಾಗ ಆತ ಕ್ಯಾಬಿನ್ನಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚಂದಾಪುರದ ರಸ್ತೆ ಸೇರುವ ಹತ್ತಿರ ಬಾಯಿಬಿಟ್ಟ.

"ಮೊಟ್ಟೆ ಬದಲು ಬೇಳೆಕಟ್ಟು ಆಗಲ್ವಾ ಅಂತ ಕೇಳ್ಬೇಕಿತ್ತು."

"ಹೋಗು, ಇಳಿದು ಹೋಗಿ ಕೇಳ್ಕೊಂಡು ಬಾ. ಅಷ್ಟರಾಗೆ ಅದು ಸಾಯ್ತೈತೆ," ಎಂದೆ.

ಹೆಂಡತಿಗೆ ಆತ ಏನೂ ಹೇಳಲಿಲ್ಲ. ವೇಬ್ರಿಡ್ಜಿನ ರೂಮಿನ ಹಿಂದೆ ಮೂರು ಕಲ್ಲಿಟ್ಟು ಒಲೆ ಹೂಡಿದ. ಅಲ್ಲಿ ಯಾರಾದರೂ ಬೀಡಿ ಹಚ್ಚಿದರೂ ಬೈಯುತ್ತಿದ್ದ ಮನುಷ್ಯ, ಪೇಂಟ್ ಡಬ್ಬದಲ್ಲಿ ಮೊಟ್ಟೆ ಬೇಯಿಸಿದ. ಹಿಸುಕಿ ಮರಿಯ ತುಟಿಗೆ ಸವರಿದ. ಅದು ನಾಲಿಗೆ ಆಚೆ ಹಾಕಲಿಲ್ಲ. ಸಿಮೆಂಟಿನ ಮೇಲೆ ಹಾಗೇ ಬಿದ್ದಿತ್ತು. ಬೆಚ್ಚಗೆ ಮಾಡುವ ಮಾತು ಆತನಿಗೆ ಮರೆತೇ ಹೋಗಿತ್ತು. ಮೊಟ್ಟೆಯ ಯೋಚನೆಯಲ್ಲಿ ಮಿಕ್ಕಿದ್ದೆಲ್ಲ ತಲೆಯಿಂದ ಜಾರಿತ್ತು.

ಔಷಧಿಗೆ ಹುಳಗಳು ಬಿದ್ದವು, ಶಾವಿಗೆ ಚೆಲ್ಲಿದ ಹಾಗೆ. ಹೊಟ್ಟೆ ಇಳಿಯಿತು. ಗುಜರಿ ಅಂಗಡಿಯಲ್ಲಿ ತೂಗಿದರೆ ತೂಕವೂ ಇಳಿದಿತ್ತು. ಮಾರನೇ ದಿನ ಇನ್ನೂ ಇಳಿಯಿತು. ಕೊನೆಗೆ ಡಬ್ಬಕ್ಕೆ ಹಾಕಿದ ದಿನಕ್ಕಿಂತಲೂ ಕಡಿಮೆಯಾಯಿತು.

ಅಂದು ನನ್ನ ಗಾಡಿ ಪಕ್ಕಕ್ಕೆ ನಿಂತು ಸೋರುತ್ತಿತ್ತು. ನಾನೂ ಆತನ ಜೊತೆ ಗುಜರಿ ಅಂಗಡಿಗೆ ಹೋಗಿದ್ದೆ. ಹನುಮಂತರಾಯಪ್ಪ ಮರಿಯನ್ನು ತಟ್ಟೆಯಿಂದ ಎತ್ತಿದ, ಇಟ್ಟ, ಮತ್ತೆ ಎತ್ತಿದ, ಮತ್ತೆ ಇಟ್ಟ.

"ನಿನ್ ತಕ್ಕಡಿ ಸುಳ್ಳು ಹೇಳ್ತೈತೆ," ಎಂದು ಗುಜರಿಯವನ ಮೇಲೆ ಹೋದ.

"ಲಾರಿಯೋರು ನಿಂಗೆ ಹೇಳೋ ಮಾತನ್ನ ನೀನು ನಂಗೆ ಹೇಳ್ತೀಯಲ್ಲ ಯಜಮಾನ," ಎಂದು ಅವನು ನಕ್ಕ.

"ಹಂಗಾದ್ರೆ ಆ ಔಷಧೀನೇ ಕೊಲ್ತೈತೆ. ಇವತ್ತಿಂದ ಬಂದ್." ಔಷಧಿ ಬಾಟಲಿಯನ್ನು ಜೇಬಿನಿಂದ ತೆಗೆದು ಗುಜರಿ ರಾಶಿಗೆ ಎಸೆದ.

ಅದೇ ಹೊತ್ತಿಗೆ ಊಟದ ಕ್ಯಾರಿಯರ್ ಹಿಡಿದು ಮಾರಕ್ಕ ಬಂದಳು. ರೂಮಿನ ಹಿಂದಿನಿಂದ ಬಂದಿದ್ದರಿಂದ ಮೂರು ಕಲ್ಲಿನ ಒಲೆ, ಪೇಂಟ್ ಡಬ್ಬ, ಮೊಟ್ಟೆ ಚಿಪ್ಪು ಎಲ್ಲವನ್ನೂ ನೋಡಿಕೊಂಡೇ ಬಂದಿದ್ದಳು.

"ಶ್ರಾವಣದಾಗೆ ಕದ್ದು ಮೊಟ್ಟೆ ತಿನ್ನೋ ವಯಸ್ಸಾ ಇದು?"

"ನಂಗಲ್ಲ ಕಣೆ. ಮರಿಗೆ."

ಮಾರಕ್ಕ ಕ್ಯಾರಿಯರ್ ಕೆಳಗಿಟ್ಟು ತಟ್ಟೆಯ ಮೇಲಿದ್ದ ಮರಿಯನ್ನು ಮುಟ್ಟಿದಳು. ಕೈ ಹಿಂದೆ ತೆಗೆದುಕೊಂಡಳು.

"ಅಯ್ಯೋ ಶಿವನೇ, ಸತ್ತಿರೋದನ್ನ ತೂಗ್ತಿದೀಯೋ, ಬದುಕಿರೋದನ್ನ ತೂಗ್ತಿದೀಯೋ? ಡಾಕ್ಟ್ರು ಏನಂದ್ರು?"

ಆತ ಕ್ಯಾರಿಯರ್ ಎತ್ತಿ ಪಕ್ಕಕ್ಕಿಟ್ಟ. ನಾನೇ ಹೇಳಿದೆ. "ಮೊದ್ಲು ಬೆಚ್ಚಗೆ, ಆಮೇಲೆ ಊಟ ಅಂದ್ರು ಅಕ್ಕ. ತೂಕ ಇಳೀತೈತೆ, ಗಾಬರಿ ಬೇಡ ಅಂತಾನೂ ಅಂದ್ರು."

"ಅದೆರಡು ಬಿಟ್ಟು ಮಿಕ್ಕಿದ್ದೆಲ್ಲ ಮಾಡವ್ನೆ." ಮರಿಯನ್ನು ಎತ್ತಿ ಸೆರಗಿನೊಳಗೆ ಎದೆಗವಚಿಕೊಂಡಳು. "ಮನೆಗೆ ಯಾಕೆ ತರ್ಲಿಲ್ಲ?"

"ನಿನ್ನೊಲೆ ಮ್ಯಾಲೆ ಮೊಟ್ಟೆ ಬೇಯಿಸ್ತೀಯಾ ನೀನು?"

"ಬೇಯಿಸಲ್ಲ. ಬಚ್ಚಲ ನೀರೊಲೆ ಇಲ್ವಾ? ಅದರಾಗೆ ಯಾವ ದೇವ್ರು ಕೂತವ್ನೆ? ನನ್ನ ಒಂದು ಮಾತು ಕೇಳಿದ್ರೆ ನಿನ್ ಗಂಟು ಹೋಗ್ತಿತ್ತಾ?"

ಬರುತ್ತಲೇ ಬಾಟಲಿ ಎಸೆದದ್ದನ್ನೂ ಕಂಡಿದ್ದ ಅವಳು ಗುಜರಿ ರಾಶಿಯ ಕಡೆ ನೋಡಿದಳು. ಹನುಮಂತರಾಯಪ್ಪ ಬಗ್ಗಿ ಬಾಟಲಿ ಹುಡುಕಿದ. ಸಿಕ್ಕಿತು. ಪ್ಲಾಸ್ಟಿಕ್ಕಾದ್ದರಿಂದ ಒಡೆದಿರಲಿಲ್ಲ.

ಸಂಜೆ ಗಾಡಿ ನಿಲ್ಲಿಸಿ ಆತನ ಮನೆಗೆ ಹೋದೆ. ಹಿತ್ತಲ ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಸ್ನಾನದ ನೀರು ಕಾಯಿಸಿದ ಮೇಲೂ ಆ ಒಲೆಯ ಪಕ್ಕದ ಮಣ್ಣಿನ ಕಟ್ಟೆ ಕಾವು ಬಿಡುವುದಿಲ್ಲ. ಅದರ ಮೇಲೆ ಹಳೇ ಸೀರೆ ಮಡಿಸಿ ಮರಿಯನ್ನು ಮಲಗಿಸಿದ್ದರು. ಮೊಟ್ಟೆ ಒಂದು ಚೆಂಬಿನಲ್ಲಿ ಬೆಂದಿತ್ತು.

"ಈಗ ಕೊಡ್ಲಾ?" ಎಂದ ಹನುಮಂತರಾಯಪ್ಪ.

"ಪಾದ ಇನ್ನೂ ತಣ್ಣಗವೆ. ಕೂತ್ಕೋ."

ಸ್ವಲ್ಪ ಹೊತ್ತಾಯಿತು.

"ಈಗ?"

"ನಿನ್ ಲಾರಿ ಅಲ್ಲ ಇದು, ಬರ್ಲಿ ಅಂದ ತಕ್ಷಣ ಬರಕ್ಕೆ."

ಮಾರಕ್ಕ ಮರಿಯ ಪಾದ ಮುಟ್ಟಿ ನೋಡುತ್ತಲೇ ಇದ್ದಳು. ಕೊನೆಗೆ ಮೊಟ್ಟೆಯಲ್ಲಿ ಬೆರಳದ್ದಿ ಅದರ ಬಾಯಿಯ ಹತ್ತಿರ ತಂದಳು. ಮರಿ ಮುಖ ತಿರುಗಿಸಿತು. ಅವಳು ಹನುಮಂತರಾಯಪ್ಪನ ಕೈ ಹಿಡಿದೆಳೆದು, ಅಂಗೈ ಮೇಲೆ ಚೂರು ಮೊಟ್ಟೆ ಹಾಕಿ, ಮರಿಯ ಮುಂದೆ ಇರಿಸಿದಳು.

"ನೋಡ್ಬೇಡ ಅದನ್ನ. ಹಂಗೆ ಕಣ್ಣು ಬಿಟ್ಕೊಂಡು ನೋಡಿದ್ರೆ ಯಾರಿಗೆ ಊಟ ಸೇರ್ತೈತೆ?"

ಆತ ಗೋಡೆಯ ಕಡೆ ತಿರುಗಿದ. ಕೈ ಮಾತ್ರ ಅಲ್ಲೇ ಇತ್ತು. ಮರಿ ಮೂಸಿತು. ತಲೆ ಇಟ್ಟು ಮಲಗಿತು. ಮತ್ತೆ ಮೂಸಿತು. ಆಮೇಲೆ ನಾಲಿಗೆ ಆಚೆ ಬಂತು.

"ನೆಕ್ತೈತೆ," ಎಂದ ಆತ, ಗೋಡೆ ನೋಡಿಕೊಂಡೇ.

"ಮಾತಾಡ್ಬೇಡ."

ಅಂಗೈ ಖಾಲಿಯಾಯಿತು. ಮಾರಕ್ಕ ಇನ್ನೊಂದು ಚೂರು ಹಾಕಿದಳು. ಅದನ್ನು ಮುಗಿಸದೆ, ಮೂತಿ ಆತನ ಬೆರಳುಗಳ ನಡುವೆ ಇಟ್ಟುಕೊಂಡೇ ಮರಿ ನಿದ್ದೆ ಹೋಯಿತು. ಆತ ಕೈ ತೆಗೆಯಲಿಲ್ಲ. ನಾನು ಎದ್ದು ಬಂದೆ.

ಬೆಳಿಗ್ಗೆ ಮರಿಯನ್ನು ಗುಜರಿ ಅಂಗಡಿಗೆ ಒಯ್ಯಲು ಆತ ಹೊರಟನಂತೆ. ತಕ್ಕಡಿ ಕಡೆ ತಲೆ ಹಾಕಿದರೆ ನಿನ್ನ ಊಟ ಬಂದ್ ಎಂದಳಂತೆ ಮಾರಕ್ಕ. ಅಲ್ಲಿಗೆ ತೂಗುವುದು ನಿಂತಿತು.

ಮರಿ ಉಳಿದುಕೊಂಡಿತು. ಭಾರಿ ನಾಯಿ ಏನೂ ಆಗಲಿಲ್ಲ, ಮುಂಗಾಲು ಸ್ವಲ್ಪ ಸೊಟ್ಟ. ಸುಮಾರು ದಿನ ಅದಕ್ಕೆ ಒಂದು ಕೆಟ್ಟ ಅಭ್ಯಾಸ ಇತ್ತು, ಹನುಮಂತರಾಯಪ್ಪ ಪಕ್ಕದಲ್ಲಿ ಕೂತು ಗೋಡೆ ನೋಡದಿದ್ದರೆ ಮಧ್ಯಾಹ್ನದ ಊಟ ಮುಟ್ಟುತ್ತಿರಲಿಲ್ಲ. ಆತನೂ ಅದಕ್ಕೆ ಒಗ್ಗಿಕೊಂಡ, ನಾಯಿ ಬಿಟ್ಟರೂ ಆತ ಬಿಡಲಿಲ್ಲ. ಈಗ ಮಧ್ಯಾಹ್ನವಾದರೆ ರೂಮಿಗೆ ಬೀಗ ಹಾಕಿ ಮನೆಗೆ ನಡೆಯುತ್ತಾನೆ. ಯಾವಾಗ ಬರುತ್ತಾನೆ ಎಂದು ಹೇಳುವುದಿಲ್ಲ. ಮರಳಿನ ಗಾಡಿಗಳು ರಸ್ತೆಯುದ್ದಕ್ಕೂ ಸಾಲು ನಿಲ್ಲುತ್ತವೆ, ಡ್ರೈವರುಗಳು ಬಾಯಿಗೆ ಬಂದಂತೆ ಬೈಯುತ್ತಾರೆ. ನೆನ್ನೆ ನಾನೂ ಆ ಸಾಲಿನಲ್ಲಿದ್ದೆ. ಬಿಸಿಲು, ಹಸಿವು. ಆತ ಎಲ್ಲಿ ಏನು ಮಾಡುತ್ತಿದ್ದಾನೆ ಎಂದು ಗೊತ್ತಿದ್ದವನು ನಾನೊಬ್ಬನೇ. ಆದರೂ ಎಲ್ಲರ ಜೊತೆ ಹಾರ್ನ್ ಹೊಡೆದೆ.