ನೆತ್ತಿಗೊಂದು ಕರಟ

ಮನುಷ್ಯನ ತಲೆಯಲ್ಲಿ ಇಪ್ಪತ್ತೆರಡು ಮೂಳೆಗಳಿವೆ ಎಂಬುದು ನನಗೆ ಗೊತ್ತಾದದ್ದು ಮಗಳು ಹುಟ್ಟಿದ ಮೇಲೆ. ಅಲ್ಲಿಯವರೆಗೆ ತಲೆಯೆಂದರೆ ಆಗಾಗ ನೋಯುವ ಒಂದು ಗುಂಡು ವಸ್ತು, ಅಷ್ಟೆ. ಈಗ ಐವತ್ತು ದಾಟಿ, ಕೂತರೆ ಮಂಡಿ, ಎದ್ದರೆ ಸೊಂಟ ಎಂದು ಒಂದೊಂದೇ ಕೀಲಿನ ಪರಿಚಯವಾಗುತ್ತಿರುವಾಗ, ಈ ವಿದ್ಯೆಗೆ ನಾನು ಕೈಹಾಕಿದ ರೀತಿ ನೆನಪಾಗಿ ನಾಚಿಕೆಯಾಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಹೆಂಡತಿ ಬಾಣಂತನಕ್ಕೆಂದು ಹಳೇಬೀಡಿನ ತವರಿನಲ್ಲಿದ್ದಳು. ಶನಿವಾರ ಮಧ್ಯಾಹ್ನ ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹಿಡಿದರೆ ಸಂಜೆಗೆ ಮಾವನ ಮನೆ. ಒಂದು ಭಾನುವಾರ ಬೆಳಿಗ್ಗೆ, ಎರಡು ತಿಂಗಳ ಕೂಸನ್ನು ಎಳೆಬಿಸಿಲಿಗೆ ಮಲಗಿಸಿದ್ದರು. ಕುಲಾವಿ ತೆಗೆದಿದ್ದರು. ಬಗ್ಗಿ ನೋಡಿದೆ. ನೆತ್ತಿಯ ಮುಂಭಾಗದಲ್ಲಿ ಎರಡು ಬೆರಳಗಲದ ಜಾಗ, ಒಳಗಿನಿಂದ ಯಾರೋ ಬಾಗಿಲು ತಟ್ಟುತ್ತಿರುವಂತೆ, ಮೇಲಕ್ಕೂ ಕೆಳಕ್ಕೂ ಮಿಡಿಯುತ್ತಿತ್ತು.

ಥಟ್ಟನೆ ಹಿಂದೆ ಸರಿದೆ. ನಾನು ಮನೆಗೆ ಕೊನೆಯ ಮಗ. ಎಳೆಗೂಸನ್ನು ಎತ್ತಿ ಆಡಿಸಿದವನಲ್ಲ. ಕಂಡ ಕೂಸುಗಳೆಲ್ಲ ಕುಲಾವಿ ತೊಟ್ಟವೇ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಮಾವನ ಮನೆಯಲ್ಲಿ ಅಳಿಯನಾದವನು ಮಣೆಯ ಮೇಲೆ ಕೂತು ಹೋಳಿಗೆ ತಿನ್ನಬೇಕೇ ವಿನಾ, ‘ನಿಮ್ಮ ಮೊಮ್ಮಗಳ ತಲೆಯಲ್ಲಿ ತೂತಿದೆ’ ಎನ್ನಬಾರದು. ಹೋಳಿಗೆ ತಿಂದು ಬಂದೆ.

ಅರಸೀಕೆರೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಮೇಷ್ಟ್ರ ಹತ್ತಿರ ಶರೀರಶಾಸ್ತ್ರದ ಹಳೆಯ ಪುಸ್ತಕವೊಂದಿತ್ತು. ಕೊನೆಯ ಅರ್ಧ ಗೆದ್ದಲು ತಿಂದಿತ್ತು. ಉಳಿದರ್ಧದಲ್ಲಿ ತಲೆಬುರುಡೆಯ ಚಿತ್ರ. ಮೂಳೆಗೂ ಮೂಳೆಗೂ ನಡುವೆ ಹೊಲಿಗೆ ಹಾಕಿದಂತೆ ಅಂಕುಡೊಂಕು ಗೆರೆ. ಕಣ್ಣಿಗೆ ತೂತು, ಮೂಗಿಗೆ ತೂತು. ನೆತ್ತಿಯಲ್ಲಿ ಮಾತ್ರ ಇಲ್ಲ. ಅದು ದೊಡ್ಡವರ ಬುರುಡೆ ಎಂದು ಯೋಚಿಸುವಷ್ಟು ಬುದ್ಧಿ ನನ್ನ ಬುರುಡೆಯೊಳಗೆ ಆಗ ಇರಲಿಲ್ಲ.

ಮಂಡಿಯಲ್ಲಿ ಕಾಯಿ ಆರಿಸುವ ಹಿರಿಯರೊಬ್ಬರಿದ್ದರು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಸೋಮವಾರವಿಡೀ ನಾನು ಆ ತಲೆಯನ್ನೇ ನೋಡುತ್ತಿದ್ದೆ.

“ಏನ್ಲಾ, ನನ್ ಬುಲ್ಡೆ ಏನು ಹರಾಜಿಗೈತಾ?”

ಹೇಳಿಬಿಟ್ಟೆ. ಅವರೋ ಬ್ರಹ್ಮಚಾರಿ, ಕೂಸಿನ ವಿಷಯದಲ್ಲಿ ನನ್ನಷ್ಟೇ ಪಂಡಿತರು. ಗಂಭೀರವಾಗಿ ಕೇಳಿದರು: “ಕಿವಿ ಹತ್ರ ಇಟ್ಕಂಡು ಅಲ್ಲಾಡ್ಸಿ ನೋಡ್ದಾ?”

“ಅಯ್ಯೋ, ಮಗೂನಾ?”

“ನಿನ್ ತಲೇನ ಕಣ್ಲಾ! ಹೋಗ್ಲಿ ಬಿಡು. ತೂತಿದ್ರೆ ಮುಚ್ಚಬೇಕು. ಕರಟ ಕಟ್ಟು.”

ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ಇವತ್ತಿಗೂ ಗೊತ್ತಿಲ್ಲ. ನನಗಂತೂ ಅದು ದೇವವಾಣಿಯಾಯಿತು. ಗಂಡಸಿ ಊರಿನ ಕಡೆಯಿಂದ ಬಂದಿದ್ದ ರಾಶಿಯಲ್ಲಿ ಅತಿ ದೊಡ್ಡ ಕಾಯಿ ಹುಡುಕಿ ಒಡೆದೆ. “ಕಣ್ಣಿರೋ ಹೋಳು ಬ್ಯಾಡ, ಅದ್ರಲ್ಲಿ ಮೂರು ತೂತವೆ. ಒಂದಕ್ಕೇ ಸಾಯ್ತಾ ಇದೀಯ,” ಎಂದು ಅವರೇ ಇನ್ನೊಂದು ಹೋಳು ಆರಿಸಿಕೊಟ್ಟರು. ಗಾಜಿನ ಚೂರಿನಿಂದ ನಾರು ಹೆರೆದು, ಅಂಚು ಉಜ್ಜಿ, ಒಳಗೆ ಹತ್ತಿ ಇಟ್ಟು ಮಲ್ಲಿನ ಬಟ್ಟೆ ಹೊಲಿದು, ಗದ್ದಕ್ಕೆ ಕಟ್ಟಲು ಎರಡು ಲಾಡಿ ಹಾಕಿದೆ. ನನ್ನ ಜೀವಮಾನದಲ್ಲಿ ಅಷ್ಟು ನಾಜೂಕಿನ ಕೆಲಸ ಇನ್ನೊಂದು ಮಾಡಿಲ್ಲ.

ಮುಂದಿನ ಭಾನುವಾರ ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಕೂಸಿನ ತಲೆಗೆ ಅದನ್ನು ಕಟ್ಟಿದೆ. ಅದು ಅಳಲಿಲ್ಲ. ಯುದ್ಧಕ್ಕೆ ಹೊರಟ ಸೇನಾಪತಿಯಂತೆ ನನ್ನನ್ನೇ ದಿಟ್ಟಿಸಿತು. ವಾರದಲ್ಲಿ ಮೊದಲ ಸಲ ನಾನು ಸರಿಯಾಗಿ ಉಸಿರಾಡಿದೆ.

ಅಷ್ಟರಲ್ಲಿ ಕೂಸಿಗೆ ನೀರು ಹಾಕುವ ಅಜ್ಜಿ ಒಳಗೆ ಬಂದಳು. ಮಾದಿಹಳ್ಳಿಯವಳು, ಆ ಸುತ್ತಿನ ಅರ್ಧ ಜನರ ಕೈಕಾಲು ಅವಳೇ ತಿದ್ದಿದ್ದು. ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು.

“ಅವ್ವಾ, ಬನ್ರವ್ವಾ! ನಿಮ್ಮಳಿಯ ಕೂಸಿಗೆ ಕರಟ ಕವುಚವ್ರೆ! ತುರಿದು ಚಟ್ನಿ ರುಬ್ಬೋಕೋ ಏನೋ!”

ಅತ್ತೆ ಬಂದರು. ನನ್ನೆದುರು ದನಿ ಎತ್ತದ ಹೆಂಗಸು, ಸೆರಗು ಬಾಯಿಗೊತ್ತಿ ಹಾಗೆಯೇ ಅಡುಗೆಮನೆಗೆ ಹೋದರು. ಅಲ್ಲಿಂದ ಪಾತ್ರೆ ಬಿದ್ದ ಸದ್ದು.

“ತೂತಿದೆ ಅಜ್ಜಿ, ನಾನು ನೋಡಿದ ಪುಸ್ತಕದ ಬುರುಡೇಲಿ ಇಲ್ಲ,” ಎಂದೆ. “ಅದು ಮುಚ್ಚದಿದ್ರೆ?”

ಅಜ್ಜಿಯ ನಗು ನಿಂತಿತು. ಕರಟ ಬಿಚ್ಚಿ, ಹೆಂಡತಿಯ ಸ್ನಾನ ಮುಗಿದ ಮೇಲೆ ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿಕೊಂಡಳು. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿ ಬಿಟ್ಟಳು. ಭುಜದ ಕೀಲು ಬಟ್ಟಲೊಳಗಿನ ಗೋಲಿಯಂತೆ ತಿರುಗಿತು. ನನ್ನನ್ನು ಹಾಗೆ ಮಡಿಸಿದ್ದರೆ ಬಿಡಿಸಲು ಮಂಡಿಯ ನಾಲ್ಕು ಹಮಾಲಿಗಳು ಬೇಕಾಗುತ್ತಿದ್ದರು.

“ಬೆರಳು ಕೊಡಿ ಇಲ್ಲಿ.”

ನನ್ನ ತೋರುಬೆರಳನ್ನು ಹರಳೆಣ್ಣೆಗೆ ಅದ್ದಿ ನೆತ್ತಿಯ ಮೇಲಿಟ್ಟಳು. ತೂತಿರಲಿಲ್ಲ. ತಮಟೆಯ ಚರ್ಮದಂಥದ್ದೊಂದು ಬಿಗಿಯಾಗಿತ್ತು. ಅದರಡಿಯಲ್ಲಿ ಟಪ್, ಟಪ್, ಟಪ್.

“ಇದು ನೆತ್ತಿ. ಎಲ್ಲಾ ಕೂಸಿಗೂ ಐತೆ. ಅತ್ರೆ ಉಬ್ಬತೈತೆ, ಸುಮ್ಕಾದ್ರೆ ಇಳೀತೈತೆ. ಭೇದಿಯಾಗಿ ಗುಳಿ ಬಿದ್ರೆ ಮಾತ್ರ ಡಾಕ್ಟ್ರ ತಾವ ಓಡಿ. ವರ್ಸ ತುಂಬಿದ್ಮೇಲೆ ತಾನೇ ಕೂಡ್ಕಂತೈತೆ. ನಿಮ್ದೂ ಇದ್ದದ್ದೇಯ. ಕೂಡೋಕೆ ಮುಂಚೆ ಒಳೀಕೆ ಏನಾರ ಹಾಕಿದ್ರೋ ಇಲ್ವೋ, ನಾ ಕಾಣೆ.”

ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ನಗುತ್ತಿರಲಿಲ್ಲ. “ಹೊರಗೆ ಬರೋವಾಗ ಆ ಮೂಳೆಗಳು ಒಂದರ ಮೇಲೊಂದು ಸರಿದು ತಲೆ ಸಣ್ಣದಾಗ್ಬೇಕಂತೆ ಕಣ್ರೀ. ನಿಮ್ಮ ಪುಸ್ತಕದ ಬುರುಡೆ ಥರ ಇದ್ದಿದ್ರೆ ಅವಳೂ ಇಲ್ಲ, ನಾನೂ ಇಲ್ಲ.”

ನಾನು ಬೆರಳು ತೆಗೆಯಲಿಲ್ಲ. ಅಜ್ಜಿಯೇ ತೆಗೆದಿಟ್ಟಳು. ಕರಟ ವ್ಯರ್ಥವಾಗಲಿಲ್ಲ, ಹತ್ತಿ, ಲಾಡಿ ಕಿತ್ತ ಮೇಲೆ ಅಂದಿನಿಂದ ಬಚ್ಚಲಲ್ಲಿ ಹರಳೆಣ್ಣೆಯ ಬಟ್ಟಲಾಯಿತು.

ಗಾಬರಿಗಾರನಿಗೆ ಒಂದು ಚಿಂತೆ ಹೋದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ‘ತಾನೇ ಕೂಡ್ಕಂತೈತೆ’ ಅಂದಳಲ್ಲ, ಕೂಡದಿದ್ದರೆ? ತಾಯಿಮಗಳು ಅರಸೀಕೆರೆಗೆ ಬಂದ ಮೇಲೆ ದಿನವೂ ಮಂಡಿಯಿಂದ ಬಂದವನು ಕೈಕಾಲು ತೊಳೆದು ನೆತ್ತಿ ಮುಟ್ಟುತ್ತಿದ್ದೆ. ಎರಡು ಬೆರಳು. ಒಂದೂವರೆ. ಮೂರು ತಿಂಗಳು ಒಂದೂವರೆಯಲ್ಲೇ ನಿಂತಿತು. ಆ ಮೂರು ತಿಂಗಳಲ್ಲಿ ನಾನು ನಾಲ್ಕು ಹರಕೆ ಹೊತ್ತೆ. “ದೇವಸ್ಥಾನದ ಗಂಟೆ ಮುಟ್ಟಿದಂಗೆ ಮುಟ್ತೀರಲ್ರೀ,” ಎಂದು ಹೆಂಡತಿ ರೇಗುತ್ತಿದ್ದಳು. ವರ್ಷ ತುಂಬಿತು, ಕೂಸು ಗೋಡೆ ಹಿಡಿದು ನಡೆಯಿತು, ಕಾಲು ಬಲಿಯಿತು, ನೆತ್ತಿ ಕಾಳಿನಷ್ಟು ಮೆತ್ತಗೆ ಉಳಿದೇ ಇತ್ತು. ಆಮೇಲೆ ಕೂದಲು ದಟ್ಟವಾಗಿ, ಹುಡುಕುವುದೇ ಕಷ್ಟವಾಯಿತು.

ಒಂದು ಸಂಜೆ ಅವಳು ನೆಲದಲ್ಲಿ ಕೂತು ಖಾಲಿ ಬೆಂಕಿಪೊಟ್ಟಣ ಕಚ್ಚುತ್ತಿದ್ದಳು. ನಾನು ಮೇಲಿನಿಂದ ಬಗ್ಗಿ, ಕೂದಲು ಬಿಡಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಏನು ಕಂಡಳೋ, ಮುನ್ಸೂಚನೆಯಿಲ್ಲದೆ ದಿಗ್ಗನೆ ಎದ್ದು ನಿಂತಳು. ಅವಳ ನೆತ್ತಿ ನನ್ನ ಗದ್ದಕ್ಕೆ ಬಡಿಯಿತು. ತೆರೆದಿದ್ದ ಬಾಯಿ ಫಟ್ಟನೆ ಮುಚ್ಚಿತು. ನಾಲಿಗೆ ನಡುವೆ ಸಿಕ್ಕಿಬಿತ್ತು. ಮುಂದಿನ ಹಲ್ಲಿನ ಚೂರೊಂದು ಬೆಂಕಿಪೊಟ್ಟಣದ ಪಕ್ಕ ಉದುರಿತು. ಕೆಳದವಡೆಯೊಂದನ್ನು ಬಿಟ್ಟರೆ ತಲೆಯ ದೊಡ್ಡ ಮೂಳೆ ಯಾವುದೂ ಅಲುಗಾಡುವುದಿಲ್ಲ ಎಂದು ಓದಿದ್ದು ಅಂದು ಅನುಭವಕ್ಕೆ ಬಂತು.

ಅವಳು ಅಳಲೂ ಇಲ್ಲ. ತಲೆ ಕೆರೆದುಕೊಂಡು ಹಲ್ಲಿನ ಚೂರು ಹೆಕ್ಕಲು ಬಗ್ಗಿದಳು. ನಾನು ಒಂದು ಕೈಯಲ್ಲಿ ಬಾಯಿ ಹಿಡಿದು ಇನ್ನೊಂದರಿಂದ ಅವಳ ತಲೆ ತಡವಿದೆ. ಹಿಂದೆ, ಮುಂದೆ, ಮತ್ತೆ ಮುಂದೆ. ಎಲ್ಲಿ ಒತ್ತಿದರೂ ಮೂಳೆ.

ಸದ್ದು ಕೇಳಿ ಹೆಂಡತಿ ಸೌಟು ಹಿಡಿದು ಬಂದಳು. ನನ್ನ ಗದ್ದದ ಮೇಲೆ ರಕ್ತ, ಕಣ್ಣಲ್ಲಿ ನೀರು. ಮೊದಲು ಮಗಳ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

“ಏನಾಯ್ತ್ರೀ? ಕೂಡ್ತಾ?”

ನಾಲಿಗೆ ಊದಿಕೊಳ್ಳುತ್ತಿತ್ತು. ಹೌದೆಂದು ತಲೆ ಆಡಿಸಿದೆ.