ಸೆರಗಿನ ಹಿಂದಿನ ಮಾತು

ಸೊಸೆಯಾದವಳು ಮಾವನ ಮುಂದೆ ಬಾಯಿಗೆ ಸೆರಗು ಹಿಡಿದೇ ಮಾತಾಡಬೇಕು, ಇದು ನಮ್ಮ ಮನೆಯ ರಿವಾಜು. ಈಗಿನ ಕಾಲದಲ್ಲೂ ಉಳಿಸಿಕೊಂಡಿದ್ದೇವೆ ಎಂದು ಬೀಗರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದವನು ನಾನೇ. ಅದೇ ಕೊರಳಿಗೆ ಸುತ್ತಿಕೊಂಡಿತು.

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ದುಡಿದವನು ನಾನು. ಅಲ್ಲಿ ಯಂತ್ರ ಶುರುವಾದರೆ ಕೂಗಿದರೂ ಕೇಳದು; ಹಮಾಲರಿಂದ ಮಾಲಕರವರೆಗೆ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದೆವು. ಹಾಗಾಗಿ ಕಿವಿ ಮಂದವಾದದ್ದು ಗೊತ್ತೇ ಆಗಲಿಲ್ಲ. ಪಾಮನಕಲ್ಲೂರಿನಿಂದ ಸೊಸೆ ಬಂದಾಗ ಮಾತ್ರ, ಈ ಹುಡುಗಿ ಯಾಕಿಷ್ಟು ಗೊಣಗುತ್ತಾಳೆ ಎಂದು ಸಿಟ್ಟು ಬರುತ್ತಿತ್ತು.

ಕೊನೆಗೆ ನನಗೇ ಅನುಮಾನ ಬಂದು, ಮನೆಯಲ್ಲಿ ಹೇಳದೆ ಹೋದಾಗ, ಕಿವಿಯ ಡಾಕ್ಟರು ಎದುರಿಗೆ ಕೂತು, "ಊಟ ಆತೇನ್ರಿ?" ಎಂದರು. ಕೇಳಿಸಿತು. ಬಾಯಿಗೆ ರಟ್ಟು ಅಡ್ಡ ಹಿಡಿದು ಮತ್ತೇನೋ ಅಂದರು. ಬರೀ ಗುಂಯ್ ಅಂದಿತು. ರಟ್ಟು ತೆಗೆದು ಅದನ್ನೇ ಅಂದರು. ಸ್ಪಷ್ಟವಾಗಿ, ಕಿವಿಯಲ್ಲೇ ಕೇಳಿಸಿತು.

"ನಿಮ್ಮ ಕಿವಿ ಅರ್ಧಾನೇ ತರತಾವ್ರಿ, ಉಳಿದದ್ದು ಕಣ್ಣು ತರತಾವ. ಮಿದುಳು ಎರಡೂ ಕೂಡಿಸಿ, ಕಿವೀಲೇ ಕೇಳಿಸ್ತು ಅಂತ ನಿಮ್ಮನ್ನ ನಂಬಸ್ತದ," ಎಂದರು.

ಕಿವಿಗೆ ಹಾಕಿಕೊಂಡ ಮಷೀನು ಮಿಕ್ಸರ್, ಫ್ಯಾನಿನ ಸದ್ದನ್ನೇ ತಂದು ಸುರಿಯಿತು; ಯಾರೂ ಕಾಣುವ ಮೊದಲೇ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಇನ್ನು ಮಾವನಾದವನು ಸೊಸೆಗೆ ಸೆರಗು ತೆಗೆ ಎನ್ನುವುದು ಹೇಗೆ? ಕಿವುಡನಾದೆ ಎಂದು ಒಪ್ಪಿಕೊಳ್ಳಲು ಮೀಸೆ ಬಿಡದು. ಬಿಸಿತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆಳಿಗ್ಗೆ ಅವಳು ಚಹಾ ತಂದು ಏನೋ ಕೇಳುವಳು. ನಾನು "ಹೂಂ" ಎಂದು ಗೋಡೆ ನೋಡುವೆ. ಅವಳ ಹೆಜ್ಜೆ ಬಂತೆಂದರೆ ನನ್ನ ಮನೆಯಲ್ಲೇ ನನಗೆ ಉಸಿರು ಕಟ್ಟುತ್ತಿತ್ತು. ಹಿತ್ತಲಿಗೆ ಎದ್ದು ಹೋದರೆ ಅಲ್ಲಿಯೂ ಅವಳೇ, ಬಟ್ಟೆ ಒಣಹಾಕುತ್ತ, ನನ್ನ ಕಂಡೊಡನೆ ಸೆರಗೆಳೆದುಕೊಳ್ಳುತ್ತ.

ಒಂದು ಮುಂಜಾನೆ ಅವಳು ಚೀಲ ಹಿಡಿದು ತವರಿಗೆ ಹೊರಟಳು. ಮತ್ತೆ ಬರುವುದಿಲ್ಲ ಅಂದಿದ್ದಾಳೆ ಎಂದಳು ನನ್ನ ಹೆಂಡತಿ. ನನಗೆ ಭಯವಾಯಿತು. ಬಾಗಿಲಿಗೆ ಬಂದು ನಿಂತೆ.

"ತಾಯಿ, ನನಗ ಕಿವಿ ಕೇಳಸಂಗಿಲ್ಲ. ಬಾಯಿ ಕಂಡರಷ್ಟ ಮಾತು ತಿಳೀತದ. ಸೆರಗು ತಗದು ಹೇಳವ್ವ."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯಾಡಿಸಿದಳು. ಸೆರಗು ಇಳಿಯಿತು. ಮೊದಲು ತುಟಿಗಳು ಕಂಡವು, ಜೊತೆಗೇ ದನಿ ಕೇಳಿಸಿತು.

"ಮಾವಾರ, ನನ್ನ ಮ್ಯಾಲ ಸಿಟ್ಟು ಅದ ಏನ್ರಿ ಅಂತ ದಿನಾ ಚಾ ಕೊಡೂ ಮುಂದ ಕೇಳತಿದ್ನಿರಿ. ನೀವು ದಿನಾ ಹೂಂ ಅಂತಿದ್ರಿ."